ಹಿಂದಿನ ಕಣ್ಣಿಗೆ ಹಚ್ಚಿದ ವಿಭೂತಿ

ಆ ದಿನ ಅಮಾವಾಸ್ಯೆ. ನಮ್ಮ ಓಣಿಗೆ ಐದು ದಿನದ ಮೇಲೆ ನಳ ಬಂದಿತ್ತು. ವಿಜಯಪುರದ ಈ ಇಬ್ರಾಹಿಂಪುರದಲ್ಲಿ ನಳ ಬಂದ ಹೊತ್ತಿಗೆ ಹೆಂಗಸರಿಗೆ ಬೇರೆ ಕೆಲಸ ದಗದ ಇರುವುದಿಲ್ಲ. ಎರಡು ಬ್ಯಾರಲ್ ತುಂಬಿಸಿ, ಮೂರನೆಯದಕ್ಕೆ ಪೈಪು ಇಳಿಬಿಟ್ಟು, ಅದು ಜಿಗಿದು ಹೊರಗೆ ಬೀಳದ ಹಾಗೆ ಒತ್ತಿ ಹಿಡಿದು ನಿಂತಿದ್ದೆ. ಒಳಗೆ ಫೋನು ಬಡಕೊಳ್ಳತೊಡಗಿತು. ಬಡಕೊಳ್ಳಲಿ, ನೀರು ಬಿಟ್ಟು ಯಾರು ಹೋಗುತ್ತಾರೆ ಅಂದುಕೊಂಡೆ. ನಿಂತಿತು, ಮತ್ತೆ ಶುರುವಾಯಿತು. ಮೂರನೆಯ ಸಲವೂ ಬಡಕೊಂಡಿತು. ಪೈಪನ್ನು ಬ್ಯಾರಲ್ಲಿನಲ್ಲಿ ಬಿಟ್ಟು ಒದ್ದೆ ಕಾಲಲ್ಲೇ ಒಳಗೆ ಓಡಿದೆ.

ಗೊತ್ತಿಲ್ಲದ ನಂಬರು. ವಯಸ್ಸಾದ ಹೆಂಗಸಿನ ದನಿ. ಹಿಂದೆ ಆಡುಗಳು ಒದರುತ್ತಿದ್ದವು.

"ತಾಯಿ, ನಿನ್ನ ಮಗಳು ಕುಂತಾಳ, ಮಾತಾಡಾಕತ್ತಾಳ, ನೀರು ಕುಡದಾಳ. ಮೊದ್ಲ ಇಷ್ಟು ಕೇಳಿಸ್ಕೋ. ಉಳಿದದ್ದು ಆಮ್ಯಾಲ ಹೇಳ್ತೀನಿ."

ಆ ಮುದುಕಿಯನ್ನು ನಾನು ಇವತ್ತಿಗೂ ನೆನೆಸುತ್ತೇನೆ. ತಿಕೋಟಾ ಆಚೆಯ ಬಿಜ್ಜರಗಿಯವಳು, ರಸ್ತೆ ಬದಿಗೆ ಆಡು ಮೇಯಿಸುತ್ತಿದ್ದಳು. ಓದು ಬರಹ ಇಲ್ಲದವಳು. ಆದರೆ ತಾಯಿಯೊಬ್ಬಳಿಗೆ ಯಾವ ಮಾತು ಮೊದಲು ಹೇಳಬೇಕೆನ್ನುವುದು ಅವಳಿಗೆ ಗೊತ್ತಿತ್ತು. ಆಮೇಲೆ ಹೇಳಿದಳು: ಒಂದು ಪಿಕಪ್ ಗಾಡಿ ಒತ್ತಿಕೊಂಡು ಬಂದು ಹುಡುಗಿಯನ್ನು ರಸ್ತೆಯಿಂದ ಕೆಳಗೆ ಕೆಡವಿ ನಿಲ್ಲದೆ ಹೋಗಿದೆ, ಹೆಗಲು ಕೆಟ್ಟಿದೆ, ಅವಳ ಫೋನು ಚೂರಾಗಿದೆ, ಯಾರದೋ ಜೀಪಿನಲ್ಲಿ ತಿಕೋಟಾದ ದವಾಖಾನೆಗೆ ಕಳಿಸುತ್ತಿದ್ದೇವೆ, ನೀವು ಅಲ್ಲಿಗೇ ಬರ್ರಿ.

ನನ್ನ ಮಗಳಿಗೆ ಇಪ್ಪತ್ತು ವರ್ಷ. ಕಾಲೇಜಿಗೆ ಹೋಗುತ್ತಾಳೆ, ಸೈಕಲ್ ರೇಸಿಗೂ ಹೋಗುತ್ತಾಳೆ. ವಿಜಯಪುರದಲ್ಲಿ ಇದೇನು ಹೊಸದಲ್ಲ. ಮುಂಜಾನೆ ಯಾವ ರಸ್ತೆಗೆ ಹೋದರೂ ಬಿಗಿಯಾದ ಅಂಗಿ ತೊಟ್ಟು, ಬೆನ್ನು ಬಗ್ಗಿಸಿ ಸೈಕಲ್ ತುಳಿಯುವ ಮಕ್ಕಳು ಸಾಲಾಗಿ ಸಿಗುತ್ತಾರೆ. ಬೇರೆಯವರ ಮಕ್ಕಳಾದರೆ ನೋಡಲು ಚೆಂದ. ನನ್ನ ಮಗಳು ಆ ಸಾಲಿಗೆ ಸೇರಿದ ದಿನದಿಂದ ಅವಳು ತಿರುಗಿ ಬಂದು ಗೇಟು ಸಪ್ಪಳ ಮಾಡುವವರೆಗೂ ನನಗೆ ಒಂದು ತುತ್ತು ಇಳಿದಿದ್ದಿಲ್ಲ.

ನಮ್ಮವರು ಆಫೀಸಿಗೆ ಹೊರಡಲು ಗಡ್ಡ ಮಾಡಿಕೊಳ್ಳುತ್ತಿದ್ದರು. ಅರ್ಧ ಮುಖಕ್ಕೆ ಸಾಬೂನು ಇದ್ದಂತೆಯೇ ಮೋಟರ್‌ಸೈಕಲ್ ತೆಗೆದರು. ಓಣಿಯ ತುದಿಯಲ್ಲಿ ಅವರ ಹೆಗಲು ಮುಟ್ಟಿ ಹೇಳಿದೆ, ಆಗ ಕೊರಳಲ್ಲಿದ್ದ ವಲ್ಲಿಯಿಂದ ಒರೆಸಿಕೊಂಡರು. ನಮ್ಮ ಗೇಟು ತೆರೆದೇ ಇತ್ತು, ನೀರು ಹರಿಯುತ್ತಲೇ ಇತ್ತು. ಪಕ್ಕದ ಮನೆಯ ಚಾಚಿ ಅಂಗಳದಿಂದಲೇ "ಹೋಗು ಬೇಟಿ, ನಾ ನೋಡ್ಕೋತೇನಿ" ಅಂದರು.

ತಿಕೋಟಾ ರಸ್ತೆಯಲ್ಲಿ ನಾನು ಎಷ್ಟು ಸಲ ಹೋಗಿದ್ದೇನೋ. ನೆಂಟರ ಮನೆಗೆ, ಲಗ್ನಕ್ಕೆ. ಆ ದಿನ ಮಾತ್ರ ಅದು ಬೇರೆ ರಸ್ತೆ. ಎದುರಿಗೆ ಬರುವ ಒಂದೊಂದು ಗಾಡಿಯೂ ನನ್ನ ಮಗಳನ್ನು ಕೆಡವಿ ಬಂದ ಗಾಡಿಯೇ ಅನ್ನಿಸುತ್ತಿತ್ತು. ದ್ರಾಕ್ಷಿ ಕ್ರೇಟು ಹೇರಿದ ಪಿಕಪ್, ಕಬ್ಬಿನ ಟ್ರ್ಯಾಕ್ಟರ್, ಬಸ್ಸು. ಕಣ್ಣು ಮುಚ್ಚಿದರೆ ಇನ್ನೂ ಕೆಟ್ಟದ್ದು ಕಾಣುತ್ತಿತ್ತು, ಅದಕ್ಕೇ ತೆರೆದೇ ಇಟ್ಟಿದ್ದೆ. ಬಾಯಲ್ಲಿ ನಮ್ಮ ಮನೆದೇವರು ಮಲ್ಲಯ್ಯನ ಹೆಸರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ದವಾಖಾನೆಯಲ್ಲಿ ನೋಡಿದರೆ ಮಗಳ ಹೆಗಲಿನ ಮುಂದಿನ ಎಲುಬು ಸೀಳಿತ್ತು. ಮೊಣಕೈ, ತೊಡೆ ತರಚಿ ಹಸಿ ಹಸಿ ಆಗಿದ್ದವು. ಹೆಲ್ಮೆಟ್ ಎರಡು ಹೋಳಾಗಿ ಮಂಚದ ಕೆಳಗೆ ಬಿದ್ದಿತ್ತು. ಅದನ್ನು ಎತ್ತಿಕೊಂಡು ಎರಡೂ ಹೋಳು ಜೋಡಿಸಿ ನೋಡಿದೆ. ಒಡೆದದ್ದು ಇದು, ತಲೆಯಲ್ಲ. ಮುದುಕಿ ಅಲ್ಲಿಯೇ ಆಡು ಮೇಯಿಸುತ್ತಿದ್ದಳು. ಬಿದ್ದದ್ದು ಮಣ್ಣಿನ ಮೇಲೆ, ಡಾಂಬರಿನ ಮೇಲಲ್ಲ. ಹಿಂದೆ ಇನ್ನೊಂದು ಗಾಡಿ ಇರಲಿಲ್ಲ. ಹೀಗೆ ಒಂದೊಂದೇ ಎಣಿಸಿದೆ. ಎಣಿಸುವುದು ಬಿಟ್ಟರೆ ಕುಸಿದು ಕೂರುತ್ತೇನೆ ಅಂತ ಗೊತ್ತಿತ್ತು.

ಮಗಳು ನನ್ನನ್ನು ನೋಡಿ ಅಳಲಿಲ್ಲ. ಅವಳು ಮೊದಲು ಕೇಳಿದ್ದು ಸೈಕಲ್ಲು ಎಲ್ಲಿ ಅಂತ. ಅದನ್ನೂ ಅದೇ ಜೀಪಿನಲ್ಲಿ ತಂದು ಹೊರಗೆ ಇಟ್ಟಿದ್ದರು. ಆಮೇಲೆ ಅಪ್ಪನಿಗೆ, ಹಿಂದಿನ ಕ್ಯಾಮೆರಾ ಬಿಚ್ಚಿ ತಗೊಳ್ಳಿ, ಅದರಲ್ಲಿ ಎಲ್ಲಾ ಬಂದಿರುತ್ತದೆ ಅಂದಳು. ಕ್ಯಾಮೆರಾ ಅಂದದ್ದು ಕೇಳಿ ನನಗೆ ಏನೂ ತಿಳಿಯಲಿಲ್ಲ. ಕ್ಯಾಮೆರಾ ಯಾವಾಗ ಬಂತು?

ಬಂದು ಆರು ತಿಂಗಳಾಗಿತ್ತಂತೆ. ಅದಕ್ಕೂ ಮೊದಲು ಬಬಲೇಶ್ವರದ ರಸ್ತೆಯಲ್ಲಿ ಒಂದು ಕಾರು ಇವಳ ಮೊಣಕೈಗೆ ಕನ್ನಡಿ ತಾಗಿಸಿಕೊಂಡು ಹೋಗಿತ್ತಂತೆ. ದೂರು ಕೊಡಲು ಹೋದರೆ ನಂಬರ್ ಏನು, ನೋಡಿದವರು ಯಾರು ಎಂದು ಕೇಳಿ ಕಳಿಸಿದ್ದರಂತೆ. ಆಗ ಅಪ್ಪ ಮಗಳು ಕೂಡಿ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಕ್ಯಾಮೆರಾ ತರಿಸಿ ಸೀಟಿನ ಕೆಳಗೆ, ಹಿಂದಕ್ಕೆ ಮುಖ ಮಾಡಿ ಕೂರಿಸಿದ್ದರು. ಹಿಂದಿನಿಂದ ಬರುವ ಗಾಡಿ, ಅದರ ನಂಬರು, ಎಷ್ಟು ಹತ್ತಿರ ಬಂತು, ಎಲ್ಲಾ ಅದರಲ್ಲಿ ಉಳಿಯುತ್ತದೆ. ನನಗೆ ಹೇಳಿರಲಿಲ್ಲ. ಹೇಳಿದರೆ ಸೈಕಲ್ಲೇ ಬಿಡಿಸುತ್ತಾಳೆ ಅಂತ. ಅವರ ಲೆಕ್ಕ ತಪ್ಪಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಚಾಚಿ ನಮ್ಮ ಬ್ಯಾರಲ್, ಕೊಡ, ಕೊನೆಗೆ ಹಿಟ್ಟು ನಾದುವ ಪರಾತ ಕೂಡ ತುಂಬಿಸಿ ಇಟ್ಟಿದ್ದರು. ದವಾಖಾನೆಯಲ್ಲಿ ಮಗಳ ಕೈಯನ್ನು ಕೊರಳಿಗೆ ತೂಗುಬಿಟ್ಟು ಪಟ್ಟಿ ಕಟ್ಟಿದ್ದರು. ಅವಳನ್ನು ದಿಂಬಿಗೆ ಆನಿಸಿ ಕೂರಿಸಿದೆವು. ನಮ್ಮವರು ಲ್ಯಾಪ್‌ಟಾಪ್ ತಂದು ಕ್ಯಾಮೆರಾದ ಮೆಮೊರಿ ಕಾರ್ಡು ಹಾಕಿದರು. ಮೂರೂ ಜನ ನೋಡಿದೆವು.

ಪರದೆಯ ಮೇಲೆ ಅಡ್ಡಕ್ಕೆ ಮೂರು ಬೆಳ್ಳಗಿನ ಪಟ್ಟಿ. ನಡುವೆ ಒಂದು ಕೆಂಪು ಮಬ್ಬು. ಅದರ ಹಿಂದೆ ರಸ್ತೆ, ಮಂಜು ಬಿದ್ದಂತೆ. ಏಳೂವರೆ ಹೊತ್ತಿಗೆ ಒಂದು ಗಾಡಿ ದೊಡ್ಡದಾಗುತ್ತಾ ಬಂತು. ಅದರ ಒಂದು ದೀಪಕ್ಕೆ ಕೆಂಪು ಟೇಪು ಸುತ್ತಿದ್ದು ಕಾಣುತ್ತಿತ್ತು, ಬಂಪರಿಗೆ ಕಟ್ಟಿದ ಕರಿ ಗೊಂಬೆ ತೂಗಾಡುವುದೂ ಕಾಣುತ್ತಿತ್ತು. ನಂಬರ್ ಇರುವ ಜಾಗದಲ್ಲಿ ಮಾತ್ರ ಬರೀ ಬಿಳುಪು. ಒಂದು ಸಪ್ಪಳ. ನನ್ನ ಮಗಳ ಬಾಯಿಂದ ನನ್ನನ್ನೇ ಕರೆದ ಕೂಗು. ಆಮೇಲೆ ಆಕಾಶ ತಲೆಕೆಳಗಾಗಿ ನಿಂತಿತು.

"ಧೂಳ ಕುಂತಿರಬೇಕು" ಅಂದರು ನಮ್ಮವರು.

ಧೂಳಲ್ಲ. ಆ ಮೂರು ಪಟ್ಟಿಯ ಅಗಲ ನನಗೆ ಗೊತ್ತಿತ್ತು. ಅವು ನನ್ನ ಬೆರಳು.

ಅಮಾವಾಸ್ಯೆಗೆ ನಮ್ಮಲ್ಲಿ ಗಾಡಿಗಳಿಗೆ ಪೂಜೆ ಮಾಡುತ್ತೇವೆ. ನಸುಕಿನಲ್ಲಿ ಎದ್ದು ಮೋಟರ್‌ಸೈಕಲ್ಲಿಗೆ ಹಚ್ಚಿದಂತೆ ಮಗಳ ಸೈಕಲ್ಲಿಗೂ ವಿಭೂತಿ ನೀರಲ್ಲಿ ಕಲಸಿ ಹಚ್ಚಿದ್ದೆ. ಮುಂದೆ ಹ್ಯಾಂಡಲ್ಲಿಗೆ, ನಡುವೆ ಕೊಳವೆಗೆ. ಅವಳನ್ನು ಹೊಡೆಯುವವರು ಹಿಂದಿನಿಂದಲೇ ಬರುತ್ತಾರೆ ಅನ್ನುವ ಅಂಜಿಕೆ ನನಗೆ ಯಾವಾಗಲೂ ಇತ್ತು. ಅದಕ್ಕೇ ಆ ಸಲ ಮೊದಲ ಬಾರಿಗೆ ಹಿಂದೆ ಸೀಟಿನ ಕೆಳಗೆ ಇದ್ದ ಆ ಕರೇ ದೀಪಕ್ಕೆ ಮೂರು ಬೆರಳು ಎಳೆದು ನಡುವೆ ಕುಂಕುಮ ಇಟ್ಟು, ಎಪ್ಪಾ, ಹಿಂದಿನಿಂದ ಕಾಯಿ ಅಂತ ಕೈಮುಗಿದಿದ್ದೆ. ಅದು ದೀಪ ಅಂತಲೇ ತಿಳಿದಿದ್ದೆ. ಮಗಳು ಹೊತ್ತಾಯಿತೆಂದು ನೋಡದೆ ಗುಂಡಿ ಒತ್ತಿ ಹೋಗಿದ್ದಳು.

ಆಗ ಎದ್ದು ಅಡಿಗೆಮನೆಗೆ ಹೋದೆ. ಸಾಯಂಕಾಲ ದೀಪ ಹಚ್ಚಿದೆ, ವಿಭೂತಿ ಗಟ್ಟಿ ಮುಟ್ಟಲಿಲ್ಲ. ಎದ್ದು ಬಂದು ಇಬ್ಬರ ಮುಂದೂ ಹೇಳಿಬಿಟ್ಟೆ. ನಮ್ಮವರು ಸಿಟ್ಟಿಗೆದ್ದರು. ದೇವರ ಜಗಲಿ ಅಷ್ಟು ದೊಡ್ಡದಿದೆ, ಅಲ್ಲಿ ಹಚ್ಚಿದರೆ ಸಾಲದೇನು, ಕಣ್ಣಿಗೆ ಕಂಡದ್ದಕ್ಕೆಲ್ಲಾ ಬಳಿಯುತ್ತೀ ಅಂದರು. ಇದ್ದ ಒಂದೇ ಸಾಕ್ಷಿ ಕೆಡಿಸಿದೆ ಅಂದರು. ಮಗಳು ಮಾತ್ರ ನಕ್ಕಳು, ಹೆಗಲು ನೋಯುತ್ತಿದ್ದರೂ ನಕ್ಕಳು.

"ನಿನ್ನ ಮಲ್ಲಯ್ಯ ಕ್ಯಾಮೆರಾಕ್ಕ ಅಡ್ಡ ನಿಂತಾನ ನೋಡಬೇ. ಗಾಡಿಗೆ ಅಡ್ಡ ನಿಲ್ಲು ಅಂತ ಹೇಳಬಾರದಿತ್ತೇನ?"

ನಮ್ಮವರು ಹೋದಾಗ ತಿಕೋಟಾ ಠಾಣೆಯಲ್ಲಿ ದೂರು ಬರೆದುಕೊಂಡರು. ಆದರೆ ಕೆಂಪು ಟೇಪು, ಕರಿ ಗೊಂಬೆ ಇಷ್ಟರಿಂದ ಯಾರನ್ನು ಹಿಡಿದು ತರುವುದು, ಇಂಥ ಗಾಡಿ ಈ ಭಾಗದಲ್ಲಿ ಎಷ್ಟಿವೆ ಅಂದರಂತೆ. ಅದೂ ನಿಜವೇ. ಆಗ ಮಗಳು ನೆನಪಿಸಿಕೊಂಡಳು, ಈ ಗಾಡಿ ಮೊದಲೂ ಮೂರು ನಾಲ್ಕು ಸಲ ಹೀಗೇ ಮೈಮೇಲೆ ಬಂದಂತೆ ಮಾಡಿ ಹಾರ್ನು ಹೊಡೆದು ಹೋಗಿತ್ತು ಅಂತ. ಹಳೆಯ ವಿಡಿಯೋಗಳನ್ನೆಲ್ಲಾ ಅವಳು ಪ್ರತಿ ಭಾನುವಾರ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದಳು. ಎಲ್ಲೋ ಒಂದರಲ್ಲಿ ನಂಬರ್ ಇದ್ದೇ ಇರುತ್ತದೆ. ಆದರೆ ಬಿದ್ದ ಮೇಲೆ ಅವಳಿಗೆ ಪರದೆ ನೋಡಿದರೆ ತಲೆ ಸುತ್ತುತ್ತಿತ್ತು. ಅಪ್ಪನಿಗೆ ಆಫೀಸು. ಉಳಿದವಳು ನಾನು. ಯಾವ ಗುಂಡಿ ಒತ್ತಬೇಕು, ಹೇಗೆ ನಿಲ್ಲಿಸಬೇಕು ಅಂತ ಹಾಸಿಗೆಯಿಂದಲೇ ಕಲಿಸಿದಳು.

ನಾಲ್ಕು ದಿನ ನಾನು ಮಗಳ ಸೀಟಿನ ಕೆಳಗೆ ಕುಳಿತು ರಸ್ತೆ ನೋಡಿದೆ. ಹೀಗೆಯೇ ಹೇಳಬೇಕು, ಬೇರೆ ಹೇಗೆ ಹೇಳಲಿ? ಅಡಿಗೆ ಮುಗಿಸಿ, ಅವಳಿಗೆ ಉಣಿಸಿ, ಹೊರಗಿನ ಕೋಣೆಯಲ್ಲಿ ಕುಳಿತರೆ ಭೂತನಾಳದ ಕೆರೆ ಕಡೆಯ ರಸ್ತೆ, ಬಬಲೇಶ್ವರದ ರಸ್ತೆ, ತಿಕೋಟಾದ ರಸ್ತೆ, ಎಲ್ಲವೂ ನನ್ನ ಎದುರಿನಿಂದ ಹಿಂದೆ ಹಿಂದೆ ಸರಿಯುತ್ತಿದ್ದವು. ಲಾರಿಗಳು ಬರುತ್ತಿದ್ದವು. ದೂರದಲ್ಲಿ ಚುಕ್ಕಿಯಂತೆ ಇದ್ದದ್ದು ಪರದೆ ತುಂಬುವಷ್ಟಾಗಿ, ಇನ್ನೇನು ನನ್ನ ಮುಖಕ್ಕೇ ಬಡಿಯುತ್ತದೆ ಅನ್ನುವಾಗ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಪ್ರತಿ ಸಲ ನಾನು ಕುರ್ಚಿಯಲ್ಲಿ ಹಿಂದೆ ಸರಿಯುತ್ತಿದ್ದೆ. ಮಗಳು ಕ್ಷೇಮವಾಗಿ ಒಳಗೆ ಮಲಗಿದ್ದಾಳೆ ಅಂತ ಗೊತ್ತಿದ್ದೂ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ದಿನಾ ಗೇಟು ತೆರೆದು ಬಂದು "ಹಸಿವ್ಯಾಗೇದ ಬೇ" ಅನ್ನುತ್ತಿದ್ದಳಲ್ಲ, ಇದನ್ನೆಲ್ಲಾ ದಾಟಿ ಬಂದು ಹಾಗೆ ಅನ್ನುತ್ತಿದ್ದಳು. ನಾನು ರೊಟ್ಟಿ ತಣ್ಣಗಾಯಿತೆಂದು ಬೈಯುತ್ತಿದ್ದೆ.

ಚಾಚಿ ಒಂದು ದಿನ ಬಂದು ನನ್ನ ಪಕ್ಕ ಕುಳಿತು ಸ್ವಲ್ಪ ಹೊತ್ತು ನೋಡಿದರು. ಒಂದು ಬಸ್ಸು ಬಂದ ರೀತಿಗೆ ಸೆರಗು ಬಾಯಿಗೆ ಒತ್ತಿಕೊಂಡು, ಇಂಥದ್ದು ನೋಡುವುದಕ್ಕಿಂತ ನೋಡದೆ ದುವಾ ಮಾಡುವುದು ಸುಲಭ ಎಂದು ಎದ್ದು ಹೋದರು.

ನಾಲ್ಕನೆಯ ದಿನ ಸಿಕ್ಕಿತು. ಮಗಳು ತಿರುಗಿ ಬರುವ ಹೊತ್ತಿನದು, ಬಿಸಿಲು ಏರಿತ್ತು. ಬಿಜ್ಜರಗಿ ಕಡೆಯಿಂದ ತಿಕೋಟಾದ ಹೈಸ್ಕೂಲಿಗೆ ಹೊರಟ ಮೂರು ಹುಡುಗಿಯರನ್ನು ಅವಳು ದಾಟಿ ಮುಂದೆ ಬಂದಿದ್ದಳು. ಸರಕಾರ ಕೊಟ್ಟ ಸೈಕಲ್ಲು, ಎರಡು ಜಡೆ, ಬೆನ್ನಿಗೆ ಪಾಟಿಚೀಲ. ಅವರು ಪರದೆಯಲ್ಲಿ ಸಣ್ಣಗಾಗುತ್ತಿದ್ದರು. ಅವರ ಹಿಂದಿನಿಂದ ಒಂದು ದೀಪಕ್ಕೆ ಕೆಂಪು ಟೇಪು ಸುತ್ತಿದ ಪಿಕಪ್ ಬಂತು. ಬೇಕಂತಲೇ ಎಡಕ್ಕೆ ಹೊರಳಿತು. ಕೊನೆಯ ಹುಡುಗಿ ಹೆದರಿ ರಸ್ತೆ ಬದಿಗೆ ಇಳಿದು, ಸೈಕಲ್ ಸಮೇತ ಜಾಲಿ ಮುಳ್ಳಿನ ಕಂಟಿಯ ಮೇಲೆ ಬಿದ್ದಳು. ಗಾಡಿ ನಿಲ್ಲಲಿಲ್ಲ, ನೇರ ನನ್ನ ಮಗಳ ಬೆನ್ನಿಗೆ ಬಂತು. ಕರಿ ಗೊಂಬೆ. ಅದರ ಮೇಲೆ ನಂಬರು, ಅಚ್ಚು ಹಾಕಿದಷ್ಟು ಸ್ವಚ್ಛ. ಗಾಜಿನ ಹಿಂದೆ ನಗುವ ಮುಖ.

ನಿಲ್ಲಿಸಿದೆ. ಬರೆದುಕೊಳ್ಳಲು ಪೆನ್ನು ತೆಗೆದೆ. ತೆಗೆದದ್ದನ್ನು ಹಾಗೇ ಕೆಳಗಿಟ್ಟೆ.

ಸುಳ್ಳು ಹೇಳಿ ಏನು ಪ್ರಯೋಜನ. ಆ ಗಳಿಗೆಯಲ್ಲಿ ನನಗೆ ಬಂದ ಯೋಚನೆ ಇದು: ಇದು ಸಿಗಲಿಲ್ಲ ಅಂದುಬಿಟ್ಟರೆ? ನಂಬರ್ ಕೊಟ್ಟರೆ ಅವನನ್ನು ಕರೆಸುತ್ತಾರೆ, ಬಿಡುತ್ತಾರೆ. ಬಿಟ್ಟ ಮೇಲೆ ಅದೇ ರಸ್ತೆ, ಅದೇ ಅವನು, ಅದೇ ನನ್ನ ಮಗಳು, ಆದರೆ ಈಗ ಅವನಿಗೆ ಸಿಟ್ಟು. ನಂಬರ್ ಸಿಗದಿದ್ದರೆ ಇವಳಿಗೇ ಬೇಸರ ಬಂದು ರಸ್ತೆ ಬಿಟ್ಟಾಳು. ಮನೆಯಲ್ಲಿ ಇದ್ದಾಳು. ಜೀವ ಉಳಿದೀತು.

ಮಗಳು ಒಳಗಿನಿಂದ ಕೇಳಿದಳು, ಏನಾದರೂ ಸಿಕ್ಕಿತೇನು ಅಂತ. ಇಲ್ಲ ಅಂದೆ. ಮುಚ್ಚಳ ಮುಚ್ಚಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು, "ಸಿಗಲಿಲ್ಲಂದ್ರ ಬಿಡಬೇ. ನಾ ಇನ್ನ ರಸ್ತೆಕ್ಕ ಹೋಗಂಗಿಲ್ಲ." ಗೋಡೆಗೆ ಮುಖ ಮಾಡಿ ಮಲಗಿದಳು. ಮೂರು ವರ್ಷದಿಂದ ನಾನು ದೇವರಿಗೆ ಬೇಡಿಕೊಂಡದ್ದು ಇದೇ ಮಾತು. ಈಗ ಸಿಕ್ಕರೂ ಎದ್ದು ಹೋಗಿ ದೇವರಿಗೆ ಕೈಮುಗಿಯಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತರೆ ಮಂತ್ರ ನಡುವೆಯೇ ಮರೆಯುತ್ತಿತ್ತು. ಕಣ್ಣ ಮುಂದೆ ಬರುತ್ತಿದ್ದದ್ದು ನನ್ನ ಮಗಳಲ್ಲ, ಜಾಲಿ ಕಂಟಿಯ ಮೇಲೆ ಬಿದ್ದ ಆ ಹುಡುಗಿ. ಎದ್ದು ಹೋಗಿ ಅದನ್ನೇ ಮತ್ತೆ ಹಾಕಿ, ಗಾಡಿಯನ್ನು ಬಿಟ್ಟು ಅವಳನ್ನಷ್ಟೇ ನೋಡಿದೆ. ದೂರದಲ್ಲಿ, ಬೆರಳುಗುರಿನಷ್ಟು ಕಾಣುತ್ತಾಳೆ. ಎದ್ದಳು, ಲಂಗ ಕೊಡವಿಕೊಂಡಳು, ಯಾರಾದರೂ ನೋಡಿದರೇನೋ ಅಂತ ಅತ್ತಿತ್ತ ನೋಡಿದಳು. ಗೆಳತಿಯರು ತಿರುಗಿ ಬಂದರು, ಮತ್ತೆ ಸೈಕಲ್ ಹತ್ತಿದರು. ಸಾಲಿಗೆ ಹೋಗಿರಬೇಕು. ಮನೆಯಲ್ಲಿ ಹೇಳಿರಲಿಕ್ಕಿಲ್ಲ, ಹೇಳಿದರೆ ಸಾಲಿ ಬಿಡಿಸುತ್ತಾರೆ ಅಂತ. ಅವಳ ತಾಯಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಆ ಗೆಳತಿಯರನ್ನೂ ಗಾಡಿಯವನನ್ನೂ ಬಿಟ್ಟರೆ ಅದನ್ನು ನೋಡಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ.

ಮಗಳ ಹಾಸಿಗೆಯ ಹತ್ತಿರ ಹೋಗಿ, ನಿನ್ನೆಯೇ ಸಿಕ್ಕಿತ್ತು, ನಾನೇ ಮುಚ್ಚಿಟ್ಟೆ ಅಂದೆ. ಅಪ್ಪನಿಗೆ ಫೋನು ಮಾಡು ಅಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಠಾಣೆಗೆ ನಮ್ಮವರ ಜೊತೆ ನಾನೂ ಹೋದೆ. ಹುಟ್ಟಿದಂದಿನಿಂದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ಅಲ್ಲಿದ್ದ ಸಾಹೇಬರು ಎರಡೂ ವಿಡಿಯೋ ನೋಡಿದರು. ಮೊದಲನೆಯದು ಯಾಕೆ ಹೀಗಿದೆ ಎಂದು ಕೇಳಿದಾಗ ನಾನೇ ಹೇಳಿದೆ, ಇದ್ದದ್ದು ಇದ್ದ ಹಾಗೆ. ಪಕ್ಕದಲ್ಲಿ ಬರೆಯುತ್ತಿದ್ದ ಪೇದೆ ನಗು ತಡೆಯಲಾರದೆ ಕೆಮ್ಮಿದ. ಸಾಹೇಬರು ನಗಲಿಲ್ಲ.

"ಅಕ್ಕಾರ, ನಮ್ಮ ಜೀಪಿಗೂ ಅಮಾಸಿಗೆ ಹಚ್ತೇವ್ರಿ. ಇದನ್ನ ಹಿಂಗ ಬರದು ಸಹಿ ಮಾಡ್ರಿ. ಸಾಕ್ಷಿ ಕೆಡಿಸ್ಯಾರ ಅಂತ ನಾಳೆ ಯಾರೂ ಅನಬಾರದು."

ಹೆಸರು, ಗಂಡನ ಹೆಸರು, ಊರು, ಓಣಿ. ಒಂದೊಂದು ಬರೆಯುವಾಗಲೂ ನನ್ನ ಮನೆಯ ಬಾಗಿಲನ್ನು ನಾನೇ ತೆರೆದಿಡುತ್ತಿದ್ದೇನೆ ಅನ್ನಿಸಿತು. ಸಹಿ ಓರೆ ಬಂತು.

ಆ ನಂಬರಿನ ಗಾಡಿ ಬಬಲೇಶ್ವರದ ಕಡೆಯವರದಾಗಿತ್ತು. ಎರಡು ದಿನದ ಮೇಲೆ ಗಾಡಿ ಸಿಕ್ಕಿದೆ, ಬರ್ರಿ ಎಂದು ಮತ್ತೆ ಕರೆದರು. ನಾವು ಹೋದಾಗ ಗಾಡಿಯವನು ಬೆಂಚಿನ ಮೇಲೆ ಕುಳಿತಿದ್ದ. ನಾನು ರಾಕ್ಷಸನನ್ನು ನೋಡಲು ತಯಾರಾಗಿ ಹೋಗಿದ್ದೆ. ಇವನು ನನ್ನ ತಮ್ಮನ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ನನ್ನ ಹಾಗೆಯೇ ವಿಭೂತಿ. ತಮಾಷೆಗೆ ಸ್ವಲ್ಪ ಹತ್ತಿರ ಹೋಗುತ್ತಿದ್ದೆ, ಆ ದಿನ ಲೆಕ್ಕ ತಪ್ಪಿತು, ಅಂಜಿ ನಿಲ್ಲಲಿಲ್ಲ ಎಂದು ಬರೆಸಿದನಂತೆ. ಕೇಸು ಹಾಕುತ್ತೇವೆ, ಲೈಸೆನ್ಸಿನ ಬಗ್ಗೆಯೂ ಮೇಲೆ ಬರೆಯುತ್ತೇವೆ, ಆದರೆ ಇವತ್ತು ಜಾಮೀನಿನ ಮೇಲೆ ಬಿಡಬೇಕಾಗುತ್ತದೆ ಎಂದು ಸಾಹೇಬರು ಮುಚ್ಚುಮರೆ ಇಲ್ಲದೆ ಹೇಳಿದರು.

ಹೊರಗೆ ಬೇವಿನ ಗಿಡದ ಕೆಳಗೆ ನಮ್ಮವರು ಮೋಟರ್‌ಸೈಕಲ್ ತಿರುಗಿಸುತ್ತಿದ್ದಾಗ ಅವನು ಬಂದು ನನ್ನ ಎದುರು ನಿಂತ.

"ಇಬ್ರಾಹಿಂಪುರದಾಗ ನಿಮ್ಮ ಮನಿ ಎಲ್ಲಿ ಬರ್ತೈತ್ರಿ ಅಕ್ಕಾರ?"

ದನಿಯಲ್ಲಿ ಏನೂ ಇರಲಿಲ್ಲ. ಸಿಟ್ಟಿಲ್ಲ, ಮೆತ್ತಗೂ ಇಲ್ಲ. ಹಿರಿಯರನ್ನು ಕರೆತಂದು ಕಾಲಿಗೆ ಬೀಳಲು ಕೇಳಿದನೋ, ಬೇರೆ ಯಾವುದಕ್ಕೋ. ನಾನು ಅವನ ಹಣೆಯ ಮೂರು ಗೆರೆಯನ್ನೇ ನೋಡುತ್ತಾ ನಿಂತೆ. ಠಾಣೆಯಲ್ಲಿ ಬರೆದುಕೊಂಡಿದ್ದಾರೆ, ಸಾಹೇಬರನ್ನು ಕೇಳು ಅಂದರು ನಮ್ಮವರು. ಅವನು ತಲೆ ಆಡಿಸಿ ಹೋದ.

ಬರುವಾಗ ಹಿಂದಿನಿಂದ ಹಾರ್ನು ಕೇಳಿದಾಗಲೆಲ್ಲಾ ನಮ್ಮವರ ಅಂಗಿ ಮುಷ್ಟಿಯಲ್ಲಿ ಹಿಡಿದೆ. ತಿಕೋಟಾ ದಾಟುವಾಗ ಅವರು ಸುಮ್ಮನೆ ನಿಲ್ಲಿಸಿ ಎರಡು ಸೂಡು ಮೆಂತೆಪಲ್ಯ ತೆಗೆದುಕೊಂಡರು, ನನ್ನ ಅಂಜಿಕೆ ಇಳಿಯಲಿ ಅಂತ ಇರಬೇಕು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಜಾಮೀನು, ಲೈಸೆನ್ಸು, ಕೊನೆಗೆ ಅವನು ಮನೆ ಎಲ್ಲಿ ಎಂದು ಕೇಳಿದ್ದು, ಎಲ್ಲಾ ಹೇಳಿದೆ. ಅವಳ ಮುಖ ಬಿಳಚಿತು. ಅವಳೂ ಅಂಜುತ್ತಾಳೆ ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಇಷ್ಟು ದಿನ ಈ ಮನೆಯಲ್ಲಿ ಅಂಜುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

"ಎಲುಬು ಕೂಡಿದ ಮ್ಯಾಲ ಒಬ್ಬಾಕಿ ಹೋಗಂಗಿಲ್ಲಬೇ," ಅಂದಳು. "ನಾಕು ಮಂದಿ ಕೂಡಿ ಹೋಗ್ತೇವಿ. ಆದ್ರ ಹೋಗ್ತೇನಿ."

ಹೋಗು ಅನ್ನುವುದು ನನ್ನಿಂದ ಆಗಲಿಲ್ಲ. ಬ್ಯಾಡ ಅನ್ನುವ ಮಾತೂ ಈ ಸಲ ಬರಲಿಲ್ಲ. ನಾಲ್ಕು ಮಂದಿ ಅಂದಳಲ್ಲ, ದವಾಖಾನೆಯಲ್ಲಿ ಎಣಿಸಿದ ಹಾಗೆ ಅದನ್ನು ಒಂದು ಅಂತ ಎಣಿಸಿಕೊಂಡೆ. ಗೇಟಿನ ಚಿಲಕ ಹಾಕಿದೆನೋ ಇಲ್ಲವೋ ಎಂದು ಹೋಗಿ ನೋಡಿದೆ, ಹಾಕಿತ್ತು. ಒಳಗೆ ಬಂದು ಹಳೆಯ ಪೇಪರು ಹಾಸಿ, ಸೂಡು ಬಿಚ್ಚಿ, ಮೆಂತೆಪಲ್ಯ ಸೋಸಲು ಕುಳಿತೆ. ಬೇರಿಗೆ ಮಣ್ಣು ಬಹಳ ಇತ್ತು.